ದಪ್ಪ, ಇಕ್ಕಟ್ಟು, ಎತ್ತರ: ಬೋರ್ಡಿಗೂ ಪೋಸ್ಟರಿಗೂ ಬೋಲ್ಡ್ ಕಂಡೆನ್ಸ್ಡ್ ಕನ್ನಡ ಫಾಂಟ್ ಬಳಸುವ ಸಮಗ್ರ ಮಾರ್ಗದರ್ಶಿ

ಅಂಗಡಿಯ ಮುಂಭಾಗ ಹತ್ತು ಅಡಿ. ಹೆಸರು ಉದ್ದ. ಮಾಲೀಕರು ಹೇಳುವುದು ಒಂದೇ ಮಾತು: "ಅಕ್ಷರ ದೊಡ್ಡದಾಗಿ ಕಾಣ್ಬೇಕು ನೋಡ್ರಿ." ದಾವಣಗೆರೆಯ ಯಾವ ಡಿಟಿಪಿ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಆಗ ಡಿಸೈನರ್ ಏನು ಮಾಡುತ್ತಾನೆ? ಹೆಸರು ಟೈಪ್ ಮಾಡುತ್ತಾನೆ. ಪರದೆಯ ಮೇಲೆ ಎರಡೂ ಪಕ್ಕದ ಹ್ಯಾಂಡಲ್ (ಎಳೆಯುವ ಚೌಕ) ಹಿಡಿದು ಒಳಕ್ಕೆ ತಳ್ಳುತ್ತಾನೆ. ಮೇಲಿನ ಹ್ಯಾಂಡಲ್ ಹಿಡಿದು ಎತ್ತರಕ್ಕೆ ಎಳೆಯುತ್ತಾನೆ. ಸಾಲದ್ದಕ್ಕೆ ಸುತ್ತ ಒಂದು ದಪ್ಪ ಔಟ್‌ಲೈನ್. ಬೋರ್ಡ್ ತುಂಬುತ್ತದೆ, ಓದಲು ಆಗುವುದಿಲ್ಲ.

ಈ ಕೆಲಸಕ್ಕೆಂದೇ ಮಾಡಿದ ಅಕ್ಷರ ಇದೆ. ದಪ್ಪ ಗೆರೆ, ಕಡಿಮೆ ಅಗಲ, ಜಾಸ್ತಿ ಎತ್ತರ. ಇದಕ್ಕೆ ಬೋಲ್ಡ್ ಕಂಡೆನ್ಸ್ಡ್ ಅಂತಾರೆ. ಆದರೆ ಇಂಗ್ಲಿಷಿನಲ್ಲಿ ಇದನ್ನು ಬಳಸುವ ರೀತಿಯನ್ನೇ ಕನ್ನಡಕ್ಕೆ ತಂದರೆ ಕೆಡುತ್ತದೆ. ಇಂಗ್ಲಿಷಿನಲ್ಲಿ ಮೊದಲು ಮುಗಿಯುವುದು ಅಗಲ. ಕನ್ನಡದಲ್ಲಿ ಎಷ್ಟೋ ಸಲ ಮೊದಲು ಮುಗಿಯುವುದು ಎತ್ತರ, ಒತ್ತಕ್ಷರದಿಂದಾಗಿ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಅಗಲದ ಮಾತಿಗಿಂತ ಅಕ್ಷರದ ಕೆಳಭಾಗದ ಮಾತೇ ಹೆಚ್ಚು.

ಉದಾಹರಣೆಗೆ ಒಂದು ಕಾಲ್ಪನಿಕ ಹೆಸರು ಇಟ್ಟುಕೊಳ್ಳೋಣ: "ಧನಲಕ್ಷ್ಮಿ ಬೆಣ್ಣೆ ದೋಸೆ". ಈ ಊರಿಗೆ ಹೊಂದುತ್ತದೆ. ಜೊತೆಗೆ ಕನ್ನಡ ಫಾಂಟ್ ಒಂದಕ್ಕೆ ಬರಬಹುದಾದ ಹೆಚ್ಚುಕಡಿಮೆ ಎಲ್ಲ ಕಷ್ಟವೂ ಈ ಮೂರು ಪದದಲ್ಲೇ ಇದೆ.

ಈ ಅಕ್ಷರದ ಸ್ವಭಾವ

ಇದು ಹುಟ್ಟಿದ್ದು ಗೋಡೆಗೆ ಅಂಟಿಸುವ ಕಾಗದಕ್ಕೆ. 19ನೇ ಶತಮಾನದ ಇಂಗ್ಲೆಂಡ್, ಅಮೆರಿಕಗಳಲ್ಲಿ ನಾಟಕ, ಸರ್ಕಸ್, ಹರಾಜಿನ ಪೋಸ್ಟರುಗಳು ಊರೆಲ್ಲ ತುಂಬಿದ್ದವು. ಕಾಗದದ ಅಗಲ ಇಷ್ಟೇ ಅಂತ ನಿಗದಿ. ಪದ ಮಾತ್ರ ಉದ್ದ. ಅಕ್ಷರವನ್ನು ಇಕ್ಕಟ್ಟು ಮಾಡಿ ಎತ್ತರ ಮಾಡುವುದೇ ದಾರಿ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರ ಹೊತ್ತಿಗೆ ಮರದ ಅಚ್ಚುಮೊಳೆಗಳನ್ನು ಯಂತ್ರದಿಂದ ಕೊರೆಯುವ ವಿಧಾನ ತಂದ ಮೇಲೆ ದೊಡ್ಡ ಅಕ್ಷರ ಅಗ್ಗವಾಯಿತು. ಸೀಸದಲ್ಲಿ ಅಷ್ಟು ದೊಡ್ಡ ಮೊಳೆ ಎರಕ ಹೊಯ್ದರೆ ಎತ್ತುವುದೇ ಕಷ್ಟ.

ಆಮೇಲೆ ಬಂದವು ಇನ್ನೂ ಚೊಕ್ಕ ಮಾದರಿಗಳು. ಮಾರಿಸ್ ಫುಲ್ಲರ್ ಬೆಂಟನ್ 1903ರಲ್ಲಿ ಮಾಡಿದ ಆಲ್ಟರ್ನೇಟ್ ಗಾಥಿಕ್, ಜೆಫ್ರಿ ಲೀ ಮಾಡಿ 1965ರಲ್ಲಿ ಶೆಫೀಲ್ಡಿನ ಸ್ಟೀಫನ್ಸನ್ ಬ್ಲೇಕ್ ಕಂಪನಿ ಹೊರತಂದ ಇಂಪ್ಯಾಕ್ಟ್. ಇಂಪ್ಯಾಕ್ಟ್ ನಿಮಗೆ ಗೊತ್ತಿರುವುದೇ. ವಿಂಡೋಸ್ ಜೊತೆ ಬರುತ್ತದೆ, ಅರ್ಧ ಮೀಮ್‌ಗಳಲ್ಲಿ ಇರುವುದೂ ಅದೇ. ಇವತ್ತು ನಮ್ಮ ಫ್ಲೆಕ್ಸುಗಳ ಇಂಗ್ಲಿಷ್ ಸಾಲುಗಳಲ್ಲಿ ಕಾಣುವ ಬೆಬಾಸ್ ನ್ಯೂ, ಆಂಟನ್, ಆಸ್ವಾಲ್ಡ್ ಎಲ್ಲ ಇದೇ ವಂಶದವು.

ಇದರ ದನಿ ಕೂಗುವ ದನಿ. ಪತ್ರಿಕೆಯ ಮುಖ್ಯ ಸುದ್ದಿ, ಕ್ರಿಕೆಟ್ ಟೂರ್ನಮೆಂಟ್, ಕಂಪನಿ ನಾಟಕದ ಹೆಸರು, ಬಸ್ಸಿನ ಊರಿನ ಫಲಕ, ದರಪಟ್ಟಿಯ ತಲೆಬರಹ, ಯೂಟ್ಯೂಬ್ ಥಂಬ್‌ನೇಲ್: ಇಲ್ಲೆಲ್ಲ ಒಪ್ಪುತ್ತದೆ. ಮದುವೆ ಕರೆಯೋಲೆಗೆ ಬೇಡ. ಶ್ರದ್ಧಾಂಜಲಿ ಫಲಕಕ್ಕಂತೂ ಬೇಡವೇ ಬೇಡ. ದುಃಖದ ಮಾತನ್ನು ಕೂಗಿ ಹೇಳಿದ ಹಾಗಾಗುತ್ತದೆ. ಕ್ಲಿನಿಕ್ಕಿನ ಬೋರ್ಡಿಗೂ ನಾನು ಇದನ್ನು ಆರಿಸುವುದಿಲ್ಲ. ಇನ್ನು ಎರಡು ಸಾಲಿಗಿಂತ ಉದ್ದದ ಯಾವ ಬರಹಕ್ಕೂ ಇದು ನಾಲಾಯಕ್ಕು. ಮೆನು ಕಾರ್ಡಿನಲ್ಲಿ "ದೋಸೆಗಳು" ಅನ್ನುವ ತಲೆಬರಹಕ್ಕೆ ಹಾಕಿ. ಕೆಳಗಿನ ಪಟ್ಟಿಗೆ ಸಾದಾ ಅಗಲದ ಫಾಂಟ್ ಇರಲಿ.

ಹಂತ 1: ನಿಮಗೆ ಇದು ನಿಜವಾಗಿ ಬೇಕಾ ಅಂತ ಲೆಕ್ಕ ಹಾಕಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಐದು ನಿಮಿಷದ ಕೆಲಸ, ದಯವಿಟ್ಟು ಮಾಡಿ.

ಬೋರ್ಡ್ 10 ಅಡಿ ಅಗಲ, 3 ಅಡಿ ಎತ್ತರ ಅಂದುಕೊಳ್ಳಿ. ಅಂದರೆ 120 ಇಂಚು, 36 ಇಂಚು. ಕರ್ನಾಟಕದ 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ (ತಿದ್ದುಪಡಿ) ಕಾಯ್ದೆ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷ್ ಸಾಲೂ ಬೇಕು ಅನ್ನುವವರು ಕನ್ನಡಕ್ಕೆ ಮೇಲಿನ 21.6 ಇಂಚಿನ ಪಟ್ಟಿ ಬಿಡಬೇಕಾಯಿತು. ಮೇಲೆ 2, ಕೆಳಗೆ 2 ಇಂಚು ಖಾಲಿ ಬಿಟ್ಟರೆ ಉಳಿದದ್ದು 17.6 ಇಂಚು.

ಈ 17.6 ಇಂಚು ಪೂರ್ತಿ ಅಕ್ಷರಕ್ಕೆ ಸಿಗುವುದಿಲ್ಲ. ಮೇಲೆ ಗುಡಿಸು, ಏತ್ವ ಇರುತ್ತವೆ. ಕೆಳಗೆ ಒತ್ತು ಇರುತ್ತದೆ. ನಡುವಿನ ಮೂಲ ಅಕ್ಷರದ ಪಾಲು ಎಷ್ಟು ಅಂತ ನಿಮ್ಮ ಫಾಂಟಿನಲ್ಲೇ ಅಳೆಯಿರಿ. "ಕ್ಷ್ಮಿ" ಅಂತ ಟೈಪ್ ಮಾಡಿ ಒಟ್ಟು ಎತ್ತರ ನೋಡಿ. ಪಕ್ಕದಲ್ಲಿ "ನ" ಟೈಪ್ ಮಾಡಿ, ತಲೆಕಟ್ಟು ಸೇರಿಸಿ ಅದರ ಎತ್ತರ ನೋಡಿ. ಪಾಲು ಅರ್ಧದಷ್ಟು ಬಂತು ಅನ್ನಿ, ಆಗ ಮೂಲ ಅಕ್ಷರಕ್ಕೆ ಸಿಗುವುದು ಸುಮಾರು 9 ಇಂಚು.

ಬೋರ್ಡ್ ಕೆಲಸದಲ್ಲಿ ಒಂದು ಹಳೆಯ ಲೆಕ್ಕ ಇದೆ: ಚೆನ್ನಾಗಿ ಓದಬೇಕಾದರೆ ಪ್ರತಿ 10 ಅಡಿ ದೂರಕ್ಕೆ 1 ಇಂಚು ಎತ್ತರ. 9 ಇಂಚಿಗೆ 90 ಅಡಿ. ಈ ಲೆಕ್ಕ ಬಂದದ್ದು ಇಂಗ್ಲಿಷಿನ ದೊಡ್ಡಕ್ಷರ ನೋಡಿ. ಕನ್ನಡದ ಅಕ್ಷರದೊಳಗೆ ಸುರುಳಿ, ಸೀಳು ಜಾಸ್ತಿ ಇರುವುದರಿಂದ 65–70 ಅಡಿ ಅಂತ ಹಿಡಿಯುವುದು ಕ್ಷೇಮ. ದಾವಣಗೆರೆಯ ಮಂಡಿಪೇಟೆಯ ಗಲ್ಲಿಗೆ ಇದು ಬೇಕಾದಷ್ಟಾಯಿತು. ಪಿ.ಬಿ. ರಸ್ತೆಯಂಥ ದೊಡ್ಡ ರಸ್ತೆಯಲ್ಲಿ ಎದುರು ಬದಿಯ ಗಾಡಿಯವರಿಗೂ ಕಾಣಬೇಕು ಅಂದರೆ ಬೋರ್ಡಿನ ಎತ್ತರವನ್ನೇ ಹೆಚ್ಚಿಸಬೇಕು.

ಈಗ ಅಗಲಕ್ಕೆ ಬನ್ನಿ. ಎರಡೂ ಬದಿ 4 ಇಂಚು ಬಿಟ್ಟರೆ 112 ಇಂಚು. ಮೂಲ ಅಕ್ಷರ 9 ಇಂಚು ಎತ್ತರ ಇರುವಂತೆ ಪೂರ್ತಿ ಹೆಸರನ್ನು ಸಾದಾ ಅಗಲದ ಬೋಲ್ಡ್ ಫಾಂಟಿನಲ್ಲಿ ಇಟ್ಟು ನೋಡಿ. 112ರ ಒಳಗೆ ಕೂತಿತಾ? ಕಂಡೆನ್ಸ್ಡ್ ಬೇಡ. ಇಕ್ಕಟ್ಟು ಮಾಡಿದರೂ ಎತ್ತರ ಇನ್ನು ಬೆಳೆಯುವುದಿಲ್ಲವಲ್ಲ, ಸುಮ್ನೆ ಎರಡೂ ಬದಿ ಖಾಲಿ ಜಾಗ ಉಳಿಯುತ್ತದೆ. 140 ಇಂಚು ಬಂತು ಅಂದರೆ 112 ಭಾಗಿಸು 140, ಶೇ 80. ಆಗ ಕಂಡೆನ್ಸ್ಡ್ ಬೇಕು, ಅದೂ ಶೇ 80ರಷ್ಟು ಮಾತ್ರ. 112 ಇಂಚಿಗೆ ತರಲು ಶೇ 60ಕ್ಕಿಂತ ಕೆಳಗೆ ಹೋಗಬೇಕಾದರೆ ಹೆಸರನ್ನು ಎರಡು ಸಾಲು ಮಾಡಿ, ಇಲ್ಲವೇ "ಬೆಣ್ಣೆ ದೋಸೆ"ಯನ್ನು ಸಣ್ಣದಾಗಿ ಕೆಳಗೆ ಹಾಕಿ.

ಹಂತ 2: ಫಾಂಟ್ ಆರಿಸಿ

ಕನ್ನಡದಲ್ಲಿ ನಿಜವಾದ ಕಂಡೆನ್ಸ್ಡ್ ಫಾಂಟುಗಳು ಹೆಚ್ಚಿಲ್ಲ. ಇರುವುದರಲ್ಲಿ ನಾನು ಮೊದಲು ತೋರಿಸುವುದು ಅನೇಕ್ ಕನ್ನಡ. ಮುಂಬೈನ ಏಕ್ ಟೈಪ್ ತಂಡದ್ದು. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ, ವ್ಯಾಪಾರಕ್ಕೂ ಬಳಸಬಹುದು. ಇದು ವೇರಿಯಬಲ್ ಫಾಂಟ್. ಅಂದರೆ ಒಂದೇ ಫೈಲಿನೊಳಗೆ ದಪ್ಪ 100ರಿಂದ 800ರವರೆಗೆ, ಅಗಲ 75ರಿಂದ 125ರವರೆಗೆ ಬೇಕಾದ ಹಾಗೆ ಸರಿಸಿಕೊಳ್ಳಬಹುದು. ನಮ್ಮ ಲೆಕ್ಕದಲ್ಲಿ ಶೇ 80 ಬಂದಿತ್ತು ಅಲ್ವಾ, ಅಗಲವನ್ನು 80ರ ಸುತ್ತ ಇಟ್ಟು ನೋಡಿದರೆ ಹೆಚ್ಚುಕಡಿಮೆ ಕೂರುತ್ತದೆ. ಸಿಗುತ್ತದೆ ಅಂತ 75ಕ್ಕೇ ಎಳೆಯಬೇಡಿ. ಎಷ್ಟು ಬೇಕೋ ಅಷ್ಟೇ ಇಕ್ಕಟ್ಟು ಮಾಡಿ. ಇದೇ ಕುಟುಂಬದಲ್ಲಿ ಇಂಗ್ಲಿಷ್ ಅಕ್ಷರವೂ ಇರುವುದರಿಂದ ಕೆಳಗಿನ ಸಾಲಿಗೆ ಬೇರೆ ಫಾಂಟ್ ಹುಡುಕುವ ಗೋಜಿಲ್ಲ.

ಎರಡನೆಯದು ನೋಟೋ ಸ್ಯಾನ್ಸ್ ಕನ್ನಡ. ಅಗಲ 62.5ರವರೆಗೂ ಇಳಿಯುತ್ತದೆ, ದಪ್ಪ 900ರವರೆಗೂ ಏರುತ್ತದೆ. ಗುಣ ಹೇಳಬೇಕೆಂದರೆ ಶಿಸ್ತಿನ ಆಸಾಮಿ. ಫಲಕ, ದರಪಟ್ಟಿ, ಬಸ್ ಬೋರ್ಡಿಗೆ ಒಳ್ಳೆಯದು. ಸಿನಿಮಾ ಪೋಸ್ಟರಿಗೆ ಸಪ್ಪೆ.

ಬಲೂ ತಮ್ಮ ಅಂತ ಇನ್ನೊಂದಿದೆ, ಅದೂ ಏಕ್ ಟೈಪ್‌ನದೇ. ದಪ್ಪ ಗುಂಡಗೆ, ಮುದ್ದಾಗಿದೆ. ಕಂಡೆನ್ಸ್ಡ್ ಅಲ್ಲ. ಆದರೂ ಹೇಳುತ್ತಿರುವುದಕ್ಕೆ ಕಾರಣ ಇದೆ. ಹಂತ 1ರಲ್ಲಿ "ಕಂಡೆನ್ಸ್ಡ್ ಬೇಡ" ಅಂತ ಬಂದವರಿಗೆ, ಅದರಲ್ಲೂ ದೋಸೆ ಹೋಟೆಲಿಗೆ, ಇದು ಹೆಚ್ಚು ಒಪ್ಪುತ್ತದೆ. ಬೆಣ್ಣೆ ದೋಸೆ ಮಾರುವವರು ಕೂಗಲೇಬೇಕು ಅಂತೇನಿಲ್ಲ.

ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳು (ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದವು), ಶ್ರೀಲಿಪಿ ಫಾಂಟುಗಳು ನಮ್ಮ ಪ್ರೆಸ್ಸುಗಳಲ್ಲಿ ಇನ್ನೂ ಓಡುತ್ತಿವೆ. ಅಚ್ಚಿನ ಕೆಲಸಕ್ಕೆ ತೊಂದರೆಯಿಲ್ಲ. ಆದರೆ ಮೇಲೆ ಹೇಳಿದ ಹೊಸ ಫಾಂಟುಗಳೆಲ್ಲ ಯೂನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವಂಥವು. ಆಸ್ಕಿಯಲ್ಲಿ ಟೈಪ್ ಮಾಡಿದ್ದನ್ನು ಆಯ್ಕೆ ಮಾಡಿ ಫಾಂಟ್ ಬದಲಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಜ್ಜು ಕಾಣುತ್ತದೆ. ಮೊದಲು ಪರಿವರ್ತಕದಲ್ಲಿ ಯೂನಿಕೋಡಿಗೆ ಬದಲಿಸಿಕೊಳ್ಳಿ. ಎರಡು ಮೂರು ಪದದ ಹೆಸರಾದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ.

ಹಂತ 3: ಅಕ್ಷರದ ಒಳಗೆ ನೋಡಿ

ಫಾಂಟ್ ಇಷ್ಟವಾಯಿತು ಅಂದ ಕೂಡಲೇ ಒಪ್ಪಬೇಡಿ. ಪರೀಕ್ಷೆ ಮಾಡಿ. ಇಂಗ್ಲಿಷಿನ ದೊಡ್ಡಕ್ಷರ ಎಷ್ಟು ದಪ್ಪ ಮಾಡಿದರೂ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ ಎಷ್ಟೋ ಅಕ್ಷರಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳು, ಒಂದು ಚುಕ್ಕೆ, ಒಂದು ಸಂದು ಅಷ್ಟೇ. ಗೆರೆ ದಪ್ಪವಾಗಿ ಅಗಲ ಕಡಿಮೆಯಾದಾಗ ಮೊದಲು ಮುಚ್ಚಿಹೋಗುವುದು ಇವೇ.

ನಮ್ಮ ಹೆಸರಿನ ಮೊದಲ ಅಕ್ಷರವನ್ನೇ ನೋಡಿ. "ಧ"ದ ಕೆಳಗಿನ ಸೀಳು ಮುಚ್ಚಿದರೆ ಅದು "ದ". ಧನಲಕ್ಷ್ಮಿ ಹೋಗಿ ದನಲಕ್ಷ್ಮಿ ಆಗುತ್ತಾಳೆ. ಮಾಲೀಕರಿಗೆ ಇದನ್ನು ಬಾಯಲ್ಲಿ ವಿವರಿಸಬೇಡಿ, ಪ್ರಿಂಟ್ ತೆಗೆದು ತೋರಿಸಿ. ತಕ್ಷಣ ಒಪ್ಪುತ್ತಾರೆ.

ಇದೇ ಥರದ ಜೋಡಿಗಳು: ಡ–ಢ, ಬ–ಭ, ಪ–ಫ ಇವುಗಳಲ್ಲಿ ಸೀಳು. ರ–ಠ ನಡುವೆ ಹೊಟ್ಟೆಯ ಚುಕ್ಕೆ. ಪ–ಷ ನಡುವೆ ಒಳಗೆರೆ. ಪ–ವ ನಡುವೆ ಮೇಲಿನ ಸಂದು. ನಿಮ್ಮ ಹೆಸರಿನಲ್ಲಿ ಇವುಗಳಲ್ಲಿ ಯಾವುದಿದೆ ನೋಡಿಕೊಂಡು ಅದರ ಜೋಡಿಯನ್ನು ಪಕ್ಕಪಕ್ಕ ಟೈಪ್ ಮಾಡಿ ಹೋಲಿಸಿ.

ಮೇಲ್ಭಾಗವನ್ನೂ ನೋಡಿ. "ಬಿ"ಯ ಗುಡಿಸು ಸುತ್ತಿಕೊಂಡಿರುತ್ತದೆ, "ಬೆ"ಯ ಏತ್ವ ಬಾಗಿ ತೆರೆದಿರುತ್ತದೆ. ಇಕ್ಕಟ್ಟಾದ ದಪ್ಪ ಫಾಂಟಿನಲ್ಲಿ ಗುಡಿಸಿನ ತೂತು ತುಂಬಿಹೋದರೆ ಎರಡೂ ಒಂದೇ ಗಂಟಿನಂತೆ ಕಾಣುತ್ತವೆ. ಆಗ ಬೆಣ್ಣೆಯೋ ಬಿಣ್ಣಿಯೋ ಅಂತ ದಾರಿಹೋಕರು ಊಹೆ ಮಾಡಬೇಕು.

ಪರೀಕ್ಷೆಗೆ ಸುಲಭದ ಉಪಾಯ ಇದೆ. ಬೋರ್ಡಿನ ಡಿಸೈನನ್ನು ಇಪ್ಪತ್ತನೇ ಒಂದು ಭಾಗಕ್ಕೆ ಇಳಿಸಿ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಯಿರಿ. 10 ಅಡಿಯ ಬೋರ್ಡ್ 6 ಇಂಚಾಗುತ್ತದೆ. ಹಾಳೆಯನ್ನು ಗೋಡೆಗೆ ಅಂಟಿಸಿ 5 ಅಡಿ ದೂರ ನಿಲ್ಲಿ. ರಸ್ತೆಯಲ್ಲಿ 100 ಅಡಿ ದೂರ ನಿಂತಷ್ಟೇ ಗಾತ್ರದಲ್ಲಿ ಕಾಣುತ್ತದೆ. 3 ಅಡಿಗೆ ಬನ್ನಿ, ಅದು 60 ಅಡಿ. ಕಂಪ್ಯೂಟರ್ ಪರದೆಯ ಮೇಲೆ ಝೂಮ್ ಮಾಡಿ ನೋಡುವುದು ಪರೀಕ್ಷೆಯೇ ಅಲ್ಲ. ಹೆಸರು ಮೊದಲೇ ಗೊತ್ತಿರುವವರಿಂದ ಓದಿಸುವುದೂ ಪರೀಕ್ಷೆ ಅಲ್ಲ. ಪಕ್ಕದ ಅಂಗಡಿಯ ಹುಡುಗನನ್ನು ಕರೆದು ಓದಿಸಿ.

ಸೀಳು ಮುಚ್ಚುತ್ತಿದ್ದರೆ ಎರಡು ದಾರಿ. ದಪ್ಪವನ್ನು 800ರಿಂದ 700ಕ್ಕೋ 650ಕ್ಕೋ ಇಳಿಸಿ, ಅಥವಾ ಅಗಲವನ್ನು ಸ್ವಲ್ಪ ಬಿಡಿ. ನನ್ನ ಆಯ್ಕೆ ಯಾವಾಗಲೂ ಮೊದಲನೆಯದು. 650ರ ದಪ್ಪದಲ್ಲಿ ಕನ್ನಡ ಸಾಕಷ್ಟು ಗಟ್ಟಿಯಾಗಿಯೇ ಕಾಣುತ್ತದೆ.

ಹಂತ 4: ಒತ್ತಕ್ಷರಗಳನ್ನು ಸಂಭಾಳಿಸಿ

ಮಾರ್ಗದರ್ಶಿಯ ತಿರುಳು ಇಲ್ಲಿದೆ. ದಾವಣಗೆರೆ, ಚಿತ್ರದುರ್ಗ ಎರಡು ಜಿಲ್ಲೆಗಳ ಊರಿನ ಹೆಸರುಗಳನ್ನೇ ಒಂದು ಹಾಳೆಯಲ್ಲಿ ಟೈಪ್ ಮಾಡಿ. ಖಾಸಗಿ ಬಸ್ಸಿನವರಿಗೆ ಫಲಕ ಮಾಡುವವರಿಗಂತೂ ಇದು ದಿನದ ಕೆಲಸ.

ದಾವಣಗೆರೆ, ಹರಿಹರ, ಜಗಳೂರು, ಹಿರಿಯೂರು. ಒಂದರಲ್ಲೂ ಒತ್ತಿಲ್ಲ. ಕೆಳಗೆ ನೇರ ಗೆರೆ ಎಳೆದ ಹಾಗೆ ಕೂರುತ್ತವೆ. ಕಂಡೆನ್ಸ್ಡ್ ಫಾಂಟಿಗೆ ಇಂಥ ಹೆಸರು ಹಬ್ಬ. ಎತ್ತರ ಪೂರ್ತಿ ಬಳಸಬಹುದು.

ಹೊನ್ನಾಳಿ, ಚನ್ನಗಿರಿ, ನ್ಯಾಮತಿ, ಚಳ್ಳಕೆರೆ, ಹೊಳಲ್ಕೆರೆ, ಮೊಳಕಾಲ್ಮುರು. ಪ್ರತಿಯೊಂದರಲ್ಲೂ ಒಂದು ಒತ್ತು ಕೆಳಗೆ ಜೋತುಬಿದ್ದಿದೆ. ಚಿತ್ರದುರ್ಗ ಇನ್ನೂ ವಿಶೇಷ: "ತ್ರ"ದಲ್ಲಿ ಒತ್ತು ಕೆಳಗೆ ಇಳಿಯುತ್ತದೆ, "ರ್ಗ"ದಲ್ಲಿ ಅರ್ಕಾವೊತ್ತು ಪಕ್ಕಕ್ಕೆ ಬಂದು ಕೂರುತ್ತದೆ. ಒಂದು ಎತ್ತರ ತಿನ್ನುತ್ತದೆ, ಇನ್ನೊಂದು ಅಗಲ ತಿನ್ನುತ್ತದೆ. ಹೊಸದುರ್ಗದಲ್ಲಿ ಅಗಲದ ತಾಪತ್ರಯ ಮಾತ್ರ.

ಈಗ ಬಸ್ಸಿನ ಫಲಕದಲ್ಲಿ "ದಾವಣಗೆರೆ – ಚಿತ್ರದುರ್ಗ" ಅಂತ ಹಾಕಬೇಕು. ಕೆಲವರು ದಾವಣಗೆರೆಯನ್ನು ಫಲಕದ ಪೂರ್ತಿ ಎತ್ತರಕ್ಕೆ ಎಳೆದು, ಚಿತ್ರದುರ್ಗವನ್ನು ಒತ್ತು ಹಿಡಿಸಲು ಸಣ್ಣದು ಮಾಡುತ್ತಾರೆ. ಎರಡು ಊರು ಎರಡು ಗಾತ್ರದಲ್ಲಿ ಕಂಡು, ಬಸ್ಸು ಚಿತ್ರದುರ್ಗಕ್ಕೆ ಹೋಗುತ್ತದೋ ಇಲ್ಲವೋ ಅನ್ನುವ ಹಾಗಿರುತ್ತದೆ. ಹಾಗೆ ಮಾಡಬೇಡಿ. ಗಾತ್ರ ಯಾವಾಗಲೂ ಒತ್ತಿರುವ ಪದದಿಂದ ಶುರುವಾಗಲಿ. ಅದು ಎಷ್ಟು ದೊಡ್ಡದಾಗಬಹುದೋ ಅಷ್ಟಕ್ಕೆ ಉಳಿದದ್ದೂ ನಿಲ್ಲಲಿ. ದಾವಣಗೆರೆಯ ಕೆಳಗೆ ಜಾಗ ಖಾಲಿ ಉಳಿದರೆ ಉಳಿಯಲಿ, ಕಣ್ಣಿಗೆ ಅದು ತಪ್ಪಾಗಿ ಕಾಣುವುದಿಲ್ಲ.

ಒತ್ತನ್ನು ಮಾತ್ರ ಚಿಕ್ಕದು ಮಾಡುವ ಚಾಳಿಯೂ ಇದೆ. ಕರ್ವ್ ಮಾಡಿ (ಅಂದರೆ ಟೈಪ್ ಮಾಡಿದ ಅಕ್ಷರವನ್ನು ಬರೀ ಗೆರೆಯ ಚಿತ್ರವಾಗಿ ಬದಲಿಸಿ), ಒತ್ತನ್ನು ಬೇರೆ ಮಾಡಿ, ಅರ್ಧಕ್ಕೆ ಇಳಿಸಿ ಮೇಲೆ ಅಂಟಿಸುವುದು. ಹಾಗೆ ಇಳಿಸಿದಾಗ ಒತ್ತಿನ ಗೆರೆಯೂ ತೆಳುವಾಗುತ್ತದೆ. ದಪ್ಪ ಅಕ್ಷರದ ಕೆಳಗೆ ಕಡ್ಡಿಯಂಥ ಒತ್ತು ದೂರದಿಂದ ಮಾಯವಾಗಿ "ಬೆಣ್ಣೆ" ಹೋಗಿ "ಬೆಣೆ" ಉಳಿಯುತ್ತದೆ. ಒಳ್ಳೆಯ ಫಾಂಟಿನಲ್ಲಿ ಒತ್ತಿನ ಗೆರೆಯ ದಪ್ಪ ಮೂಲ ಅಕ್ಷರಕ್ಕೆ ಹೊಂದುವಂತೆ ಮೊದಲೇ ತೂಗಿಸಿರುತ್ತಾರೆ. ಫಾಂಟ್ ಆರಿಸುವಾಗ ನೋಡಬೇಕಾದ ಮುಖ್ಯ ಗುಣ ನನ್ನ ಪ್ರಕಾರ ಇದೇ.

ಎರಡು ಸಾಲಿನ ಬೋರ್ಡಿನಲ್ಲಿ ಇನ್ನೊಂದು ಜಗಳ. ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ಏತ್ವಕ್ಕೆ ಡಿಕ್ಕಿ ಹೊಡೆಯುತ್ತದೆ. ಮೇಲೆ "ಧನಲಕ್ಷ್ಮಿ", ಕೆಳಗೆ "ಬೆಣ್ಣೆ ದೋಸೆ" ಇಟ್ಟು ನೋಡಿ. "ಕ್ಷ್ಮಿ"ಯ ಎರಡು ಒತ್ತು ನೇರ ಹೋಗಿ "ದೋ"ದ ನೆತ್ತಿಯ ಹತ್ತಿರ ನಿಲ್ಲುತ್ತವೆ. ಇಂಗ್ಲಿಷಿನ ಹಾಗೆ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಲು ಆಗುವುದಿಲ್ಲ. ಆದರೆ ಸಾಲನ್ನು ಎಡಕ್ಕೋ ಬಲಕ್ಕೋ ಸ್ವಲ್ಪ ಜರುಗಿಸಿದರೆ ಒತ್ತು ಎರಡು ಪದಗಳ ನಡುವಿನ ಖಾಲಿ ಜಾಗಕ್ಕೆ ಇಳಿಯುತ್ತದೆ. ಕೈಯಲ್ಲಿ ಬೋರ್ಡ್ ಬರೆಯುವ ಆರ್ಟಿಸ್ಟುಗಳು ಇದನ್ನು ಸೀಮೆಸುಣ್ಣದ ಗೆರೆ ಹಾಕುವಾಗಲೇ ಲೆಕ್ಕ ಹಾಕುತ್ತಾರೆ. ಎಲ್ಲಿ ಒತ್ತು ಬರುತ್ತದೋ ಅಲ್ಲಿ ಕೆಳಗೆ ಗುಡಿಸು ಬರದ ಹಾಗೆ ಪದ ಕೂರಿಸುತ್ತಾರೆ. ಕಂಪ್ಯೂಟರಿನಲ್ಲಿ ಎಲ್ಲವನ್ನೂ ನಡುಮಧ್ಯಕ್ಕೆ ಜೋಡಿಸುವ ಬಟನ್ ಒತ್ತಿ ಸುಮ್ಮನಾಗುವುದರಿಂದ ಈ ಜಾಣತನ ಹೋಗಿದೆ.

ಅರ್ಕಾವೊತ್ತಿಗೆ ಒಂದು ಸಣ್ಣ ಉಪಾಯ. "ದುರ್ಗ" ಅಗಲ ಜಾಸ್ತಿ ತಿನ್ನುತ್ತಿದ್ದರೆ "ರ" ಪೂರ್ತಿ ಬರೆದು ಕೆಳಗೆ "ಗ" ಒತ್ತು ಕೊಡುವ ಹಳೆಯ ಪದ್ಧತಿಯೂ ಇದೆ. ಅಗಲ ಉಳಿಯುತ್ತದೆ, ಎತ್ತರ ಹೋಗುತ್ತದೆ. ಅದೇ ಸಾಲಿನಲ್ಲಿ ಹೇಗಿದ್ದರೂ ಬೇರೆ ಒತ್ತು ಇದ್ದರೆ ಎತ್ತರ ಮೊದಲೇ ಹೋಗಿರುತ್ತದೆ, ಆಗ ಈ ಉಪಾಯ ಲಾಭ. ಆದರೆ ಇವತ್ತಿನ ಓದುಗರಿಗೆ ಅರ್ಕಾವೊತ್ತೇ ರೂಢಿ, ಹಾಗಾಗಿ ತೀರ ಬೇಕಾದಾಗ ಮಾತ್ರ.

ಹಂತ 5: ಎಳೆಯಬೇಡಿ, ಉಬ್ಬಿಸಬೇಡಿ

ಹ್ಯಾಂಡಲ್ ಹಿಡಿದು ಒಳಕ್ಕೆ ತಳ್ಳಿದಾಗ ಏನಾಗುತ್ತದೆ ಅಂತ ಅಂಕಿಯಲ್ಲಿ ನೋಡಿ. ಅಕ್ಷರದ ನಿಂತ ಗೆರೆ 20 ಮಿಲಿಮೀಟರ್, ಮಲಗಿದ ಗೆರೆಯೂ 20. ಅಗಲವನ್ನು ಶೇ 70ಕ್ಕೆ ತಳ್ಳಿದರೆ ನಿಂತ ಗೆರೆ 14 ಆಗುತ್ತದೆ, ಮಲಗಿದ್ದು 20ರಲ್ಲೇ ಇರುತ್ತದೆ. ತಲೆಕಟ್ಟು ದಪ್ಪ, ಪಕ್ಕೆ ಸಣಕಲು. ಕನ್ನಡದ ದುಂಡು ಅಕ್ಷರ ಇಡೀ ಸುತ್ತು ದಪ್ಪ ತೆಳು ಆಗುತ್ತಾ ಹೋಗುತ್ತದೆ. ಇದನ್ನು ಸರಿಮಾಡಲು ಔಟ್‌ಲೈನ್ ಹಾಕಿದರೆ ಒಳಗಿನ ಸೀಳುಗಳೆಲ್ಲ ಮುಚ್ಚುತ್ತವೆ. ಶೇ 95ರವರೆಗೆ ತಳ್ಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕಿಂತ ಕೆಳಗೆ ಬೇಡ.

ಅಕ್ಷರಗಳ ನಡುವಿನ ಅಂತರವನ್ನೂ ಹೆಚ್ಚು ಕೆದಕಬೇಡಿ. ಕಡಿಮೆ ಮಾಡಿದರೆ ಒಂದರ ಒತ್ತು ಇನ್ನೊಂದರ ಬುಡಕ್ಕೆ ನುಗ್ಗುತ್ತದೆ. ಜಾಸ್ತಿ ಮಾಡಿದರೆ ಕೆಲವು ಸಾಫ್ಟ್‌ವೇರುಗಳಲ್ಲಿ ದೀರ್ಘ ಕಿತ್ತುಕೊಂಡು ದೂರ ನಿಲ್ಲುತ್ತದೆ.

ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಒತ್ತು ಒಡೆದು "ಬೆಣ್‌ಣೆ" ಥರ ಬಂದರೆ ಫಾಂಟನ್ನು ಬೈಯಬೇಡಿ. ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಆನ್ ಮಾಡಬೇಕು. ಕೋರೆಲ್ ಡ್ರಾದಲ್ಲಿ ವೇರಿಯಬಲ್ ಫಾಂಟ್ ನಡೆಯುವುದು 2020ರ ಆವೃತ್ತಿಯಿಂದ. ಹಳೆಯದು ಇರುವವರು ಗೂಗಲ್ ಫಾಂಟ್ಸ್‌ನ ಜಿಪ್ ಫೈಲಿನೊಳಗಿನ ಸ್ಟ್ಯಾಟಿಕ್ ಫೋಲ್ಡರ್ ತೆರೆಯಿರಿ. ಕಂಡೆನ್ಸ್ಡ್ ಬೋಲ್ಡ್, ಸೆಮಿ ಕಂಡೆನ್ಸ್ಡ್ ಬೋಲ್ಡ್ ಅಂತ ಬಿಡಿಬಿಡಿ ಫೈಲುಗಳಿರುತ್ತವೆ. ದುಡ್ಡು ಖರ್ಚು ಬೇಡ ಅನ್ನುವವರಿಗೆ ಇಂಕ್‌ಸ್ಕೇಪ್ ಇದೆ, ಕನ್ನಡ ಅದರಲ್ಲಿ ಚೆನ್ನಾಗಿ ಮೂಡುತ್ತದೆ.

ಹಂತ 6: ಇಂಗ್ಲಿಷ್ ಸಾಲು, ಅಂಕಿ, ಬಣ್ಣ

ಇಂಗ್ಲಿಷ್ ಸಾಲಿಗೆ ಬೆಬಾಸ್ ನ್ಯೂ ಹಾಕಿದರೆ ಚೆಂದವೇ. ಅದರಲ್ಲಿ ಬರೀ ದೊಡ್ಡಕ್ಷರ ಇರುವುದರಿಂದ ಕನ್ನಡಕ್ಕಿಂತ ಜೋರಾಗಿ ಕಾಣುತ್ತದೆ. ಅದರ ಎತ್ತರ ಕನ್ನಡದ ಮೂಲ ಅಕ್ಷರದ ಎತ್ತರದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇದ್ದರೆ ಸಾಕು. ಫೋನ್ ನಂಬರಿನ ಅಂಕಿಗಳನ್ನು ಬೋಲ್ಡ್ ಕಂಡೆನ್ಸ್ಡ್‌ನಲ್ಲಿ ಹಾಕುವುದಾದರೆ 3, 6, 8 ದೂರದಿಂದ ಬೇರೆಬೇರೆ ಕಾಣುತ್ತವಾ ನೋಡಿ. ಕಾಣದಿದ್ದರೆ ನಂಬರಿಗೆ ಸಾದಾ ಅಗಲವೇ ಇರಲಿ.

ಬಣ್ಣದ ಬಗ್ಗೆ ಒಂದೇ ಮಾತು: ಕೆಂಪಿನ ಮೇಲೆ ಹಳದಿ ಓಡುತ್ತದೆ, ಕಪ್ಪಿನ ಮೇಲೆ ಕೆಂಪು ಓಡುವುದಿಲ್ಲ. ಗ್ರೇಡಿಯಂಟ್, ನೆರಳು, ಮಿಂಚು ಇವೆಲ್ಲ ಈ ಅಕ್ಷರಕ್ಕೆ ಬೇಕಿಲ್ಲ.

ಒಳಗಿನಿಂದ ಬೆಳಕು ಬರುವ ಬೋರ್ಡಿಗೆ ಲೆಕ್ಕವೇ ಬೇರೆ. ರಾತ್ರಿ ಬೆಳಗುವ ಅಕ್ಷರ ಕಣ್ಣಿಗೆ ಇರುವುದಕ್ಕಿಂತ ದಪ್ಪ ಕಾಣುತ್ತದೆ, ಬೆಳಕು ಸೀಳಿನೊಳಗೂ ಹರಡುತ್ತದೆ. ಹಗಲಿನ ಬೋರ್ಡಿಗೆ 650 ಒಪ್ಪಿದ್ದರೆ ಇದಕ್ಕೆ 550 ಸಾಕು. ಅಕ್ರಿಲಿಕ್ ಅಕ್ಷರದೊಳಗೆ ಎಲ್‌ಇಡಿ ಕೂರಿಸುವುದಾದರೆ ಗೆರೆ ಕನಿಷ್ಠ ಎಷ್ಟು ಅಗಲ ಬೇಕು, ಎಷ್ಟು ಸಣ್ಣ ಸೀಳು ಕತ್ತರಿಸಲು ಆಗುತ್ತದೆ ಅಂತ ಮಾಡುವವರನ್ನು ಮೊದಲೇ ಕೇಳಿ. ಒತ್ತಿನ ಗೆರೆಯಲ್ಲೇ ಸಾಮಾನ್ಯವಾಗಿ ತೊಡಕು ಬರುವುದು.

ಪೋಸ್ಟರಿಗೆ ಒಂದು ಮಾತು

20×30 ಇಂಚಿನ ಡಬಲ್ ಕ್ರೌನ್ ಪೋಸ್ಟರ್ ನಿಲುವಾಗಿರುತ್ತದೆ. ಇಲ್ಲಿ ಎತ್ತರ ಧಾರಾಳ, ಅಗಲ ಬಿಗಿ. ಅಂದರೆ ಬೋರ್ಡಿಗೆ ಹೇಳಿದ ಲೆಕ್ಕ ತಿರುವುಮುರುವು. ಕಂಡೆನ್ಸ್ಡ್ ನಿಜವಾಗಿ ದುಡಿಯುವುದು ಇಲ್ಲೇ. ದುಗ್ಗಮ್ಮನ ಜಾತ್ರೆಗೆ ಕಂಪನಿ ನಾಟಕ ಬಂತು ಅನ್ನಿ. ನಾಟಕದ ಹೆಸರು ಒಂದೇ ಬೋಲ್ಡ್ ಕಂಡೆನ್ಸ್ಡ್‌ನಲ್ಲಿರಲಿ, ಪೋಸ್ಟರಿನ ಪೂರ್ತಿ ಅಗಲಕ್ಕೆ. ದಿನ, ಹೊತ್ತು, ಜಾಗ ಸಾದಾ ಅಗಲದಲ್ಲಿ. ಎಲ್ಲವನ್ನೂ ಕೂಗಿ ಹೇಳಿದರೆ ಯಾವುದೂ ಕೇಳಿಸುವುದಿಲ್ಲ. ಕಲಾವಿದರ ಹೆಸರುಗಳ ಪಟ್ಟಿ ಉದ್ದ ಇದ್ದರೆ ಅಲ್ಲಿ ಸೆಮಿ ಕಂಡೆನ್ಸ್ಡ್ ನಡೆಯುತ್ತದೆ, ದಪ್ಪ 500ಕ್ಕಿಂತ ಹೆಚ್ಚು ಬೇಡ.

ಹಂತ 7: ಪ್ರೆಸ್ಸಿಗೆ ಕೊಡುವ ಮೊದಲು

ಕಾಗುಣಿತ ನೋಡಿಸಿ. ಆಮೇಲೆ ಒಂದು ಕಾಪಿ ಮಾಡಿಕೊಂಡು, ಆ ಕಾಪಿಯಲ್ಲಿ ಮಾತ್ರ ಅಕ್ಷರಗಳನ್ನು ಕರ್ವ್ ಮಾಡಿ. ಕೋರೆಲ್‌ನಲ್ಲಿ ಕಂಟ್ರೋಲ್ ಕ್ಯೂ. ಕರ್ವ್ ಮಾಡದೆ ಕೊಟ್ಟರೆ ಆ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ಬೇರೆ ಯಾವುದೋ ಬಂದು ಕೂರುತ್ತದೆ.

ವಿನೈಲ್ ಕಟಿಂಗ್ ಅಥವಾ ಎಸಿಪಿ (ಅಲ್ಯೂಮಿನಿಯಂ ಹಲಗೆ) ಮೇಲೆ ಕತ್ತರಿಸುವ ಅಕ್ಷರವಾದರೆ ಇನ್ನೊಂದು ಕೆಲಸ ಬಾಕಿ. ವೇರಿಯಬಲ್ ಫಾಂಟುಗಳಲ್ಲಿ ಒಂದು ಅಕ್ಷರವನ್ನು ಒಂದರ ಮೇಲೊಂದು ಹಾದುಹೋಗುವ ತುಂಡುಗಳಿಂದ ಕಟ್ಟಿರುತ್ತಾರೆ. ತಲೆಕಟ್ಟು ಒಂದು ತುಂಡು, ದೇಹ ಒಂದು ತುಂಡು. ಪ್ರಿಂಟಿನಲ್ಲಿ ಇದು ಕಾಣುವುದಿಲ್ಲ. ಕತ್ತರಿಸುವ ಯಂತ್ರವಾದ ಪ್ಲಾಟರ್ ಮಾತ್ರ ಪ್ರತಿ ತುಂಡಿನ ಅಂಚನ್ನೂ ಕತ್ತರಿಸುತ್ತದೆ, ಅಕ್ಷರದ ನಡುವೆ ಬ್ಲೇಡಿನ ಗೀರು ಬೀಳುತ್ತದೆ. ಕರ್ವ್ ಆದ ಮೇಲೆ ತುಂಡುಗಳನ್ನು ಬೆಸೆಯಿರಿ. ಕೋರೆಲ್‌ನಲ್ಲಿ ವೆಲ್ಡ್, ಇಂಕ್‌ಸ್ಕೇಪಿನಲ್ಲಿ ಯೂನಿಯನ್. ಬೆಸೆದ ಮೇಲೆ ಫಿಲ್ ತೆಗೆದು ಬರೀ ಅಂಚು ಮಾತ್ರ ಕಾಣುವಂತೆ ಮಾಡಿ, ಒಂದೊಂದೇ ಅಕ್ಷರ ನೋಡಿ. "ಧ"ದ ಸೀಳು, "ಣ್ಣೆ"ಯ ಒತ್ತು, "ಕ್ಷ್ಮಿ"ಯ ಎರಡು ಒತ್ತು ಒಂದಕ್ಕೊಂದು ಅಂಟಿಕೊಂಡಿಲ್ಲ ಅಂತ ಖಾತ್ರಿಯಾದ ಮೇಲೆ ಪಿಡಿಎಫ್ ಮಾಡಿ ಕಳಿಸಿ. ಬೆಸೆಯದ, ಟೈಪ್ ಮಾಡಿದ ಹಾಗೇ ಇರುವ ಮೂಲ ಫೈಲನ್ನು ಅಳಿಸಬೇಡಿ. ಮುಂದೆ ಇದೇ ಹೆಸರು ಬಿಲ್ ಬುಕ್ಕಿಗೂ ಪಾರ್ಸೆಲ್ ಕವರಿಗೂ ಬೇಕಾಗುತ್ತದೆ. ಅಲ್ಲಿ ಅಕ್ಷರ ಅರ್ಧ ಇಂಚು ಇರುತ್ತದೆ. ಅಗಲವನ್ನು 100ಕ್ಕೆ ತಂದು, ದಪ್ಪ ಇನ್ನಷ್ಟು ಇಳಿಸಿ ಹೊಸದಾಗಿ ಕರ್ವ್ ಮಾಡಬೇಕಾಗುತ್ತದೆ.